ಗುಂಯ್ ಅಂದ ರೇಡಿಯೋ, ಮರೆತುಹೋದ ಎಂಜಿನಿಯರ್

ಹೋದ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋದಾಗ ಅಪ್ಪನ ರೇಡಿಯೋ ಗುಂಯ್ ಅಂತಿತ್ತು. ಯಾವ ಸ್ಟೇಷನ್ ಹಾಕಿದರೂ ಅದೇ ಸದ್ದು. ಬ್ಯಾಟರಿ ಹಾಕಿದರೆ ಮಾತ್ರ ಇಲ್ಲ. ಅಂದರೆ ತಪ್ಪು ರೇಡಿಯೋದ್ದಲ್ಲ, ಅಡಾಪ್ಟರಿನದು. ಇಟ್ಟಿಗೆಯಂತೆ ಭಾರವಾದ ಹಳೇ ಕಾಲದ್ದು. ಪ್ಲಗ್ ಕಿತ್ತು, ಬಿಚ್ಚಿ ನೋಡಿದೆ.

ಒಳಗಿರೋದು ಇಷ್ಟೇ: ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ಕೆಪಾಸಿಟರ್. ಭಾರವೆಲ್ಲ ಟ್ರಾನ್ಸ್‌ಫಾರ್ಮರಿನದು, ಅದು 230 ವೋಲ್ಟನ್ನು 12ಕ್ಕೆ ಇಳಿಸುತ್ತೆ. ಆದರೆ ಆ 12 ವೋಲ್ಟ್ ಇನ್ನೂ ಎಸಿಯೇ, ಸೆಕೆಂಡಿಗೆ 50 ಸಲ ತೊಟ್ಟಿಲಿನ ಹಾಗೆ ಆಚೆ ಈಚೆ ತೂಗುತ್ತೆ. ಡಯೋಡ್ ಅಂದರೆ ಒನ್-ವೇ ರಸ್ತೆ. ನಾಲ್ಕನ್ನು ಚೌಕವಾಗಿ ಜೋಡಿಸಿದರೆ ಕರೆಂಟ್ ಯಾವ ಕಡೆಯಿಂದ ಬಂದರೂ ಎರಡು ಡಯೋಡ್ ದಾರಿ ಬಿಡುತ್ತವೆ, ಎರಡು ತಡೆಯುತ್ತವೆ. ಹೊರಗೆ ಹೋಗೋದು ಯಾವಾಗಲೂ ಒಂದೇ ದಿಕ್ಕಿಗೆ.

ಈ ಚೌಕಕ್ಕೆ ಜರ್ಮನಿಯಲ್ಲಿ ಗ್ರೇಟ್ಸ್ ಸರ್ಕ್ಯೂಟ್ ಅಂತಾರೆ. ನಾನೀಗ ಇರುವ ಮ್ಯೂನಿಕ್‌ನಲ್ಲೇ ಭೌತಶಾಸ್ತ್ರ ಕಲಿಸುತ್ತಿದ್ದ ಲಿಯೋ ಗ್ರೇಟ್ಸ್ 1897ರಲ್ಲಿ ಇದನ್ನು ಪ್ರಕಟಿಸಿದರು. ಆದರೆ ಕರೋಲ್ ಪೊಲ್ಲಾಕ್ ಎಂಬ ಪೋಲಿಷ್ ಎಂಜಿನಿಯರ್ 1895ರಲ್ಲೇ ಇದಕ್ಕೆ ಬ್ರಿಟನ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು. ಹೆಸರು ಮಾತ್ರ ಪ್ರೊಫೆಸರರದೇ ಉಳಿಯಿತು. ನನಗಿದು ಅನ್ಯಾಯ ಅನ್ನಿಸುತ್ತೆ, ಅದಕ್ಕೊಂದು ಕಾರಣವಿದೆ.

ಆಗ ಈಗಿನ ಡಯೋಡ್ ಎಲ್ಲಿತ್ತು? ದ್ರಾವಣದಲ್ಲಿ ಅದ್ದಿದ ಅಲ್ಯೂಮಿನಿಯಂ ತಗಡುಗಳೇ ಆ ಕೆಲಸ ಮಾಡಬೇಕಿತ್ತು. ತಗಡಿನ ಮೇಲೆ ಕಟ್ಟುವ ತೆಳು ಆಕ್ಸೈಡ್ ಪೊರೆ ಕರೆಂಟನ್ನು ಒಂದೇ ಕಡೆಗೆ ಬಿಡುತ್ತೆ. ಅದೇ ಪೊರೆಯನ್ನು ಇಟ್ಟುಕೊಂಡು ಪೊಲ್ಲಾಕ್ 1896ರಲ್ಲಿ ಅಲ್ಯೂಮಿನಿಯಂ ಕೆಪಾಸಿಟರಿಗೂ ಪೇಟೆಂಟ್ ಅರ್ಜಿ ಹಾಕಿದರು. ಅಂದರೆ ನಮ್ಮ ಅಡಾಪ್ಟರಿನ ಚೌಕಕ್ಕೂ ಅದರ ಪಕ್ಕದ ಡಬ್ಬಿಗೂ ಮೂಲ ಒಬ್ಬರೇ!

ಆ ಡಬ್ಬಿ ಮಾಡೋದೇನು? ನಮ್ಮ ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನೀರು ಬರೋದು ಬಿಟ್ಟು ಬಿಟ್ಟು, ನಲ್ಲಿಯಲ್ಲಿ ಮಾತ್ರ ಸದಾ ಇರುತ್ತೆ. ಚೌಕದಿಂದ ಸೆಕೆಂಡಿಗೆ 100 ಅಲೆಗಳು ಬರುತ್ತವೆ. ಕೆಪಾಸಿಟರ್ ಏರಿನಲ್ಲಿ ತುಂಬಿಕೊಂಡು ಇಳಿವಿನಲ್ಲಿ ಕೊಡುತ್ತೆ. ವರ್ಷಗಳು ಕಳೆದ ಹಾಗೆ ಅದರೊಳಗಿನ ದ್ರವ ಒಣಗುತ್ತೆ, ಟ್ಯಾಂಕ್ ಚಿಕ್ಕದಾಗುತ್ತೆ. ಅಪ್ಪನ ರೇಡಿಯೋದಲ್ಲಿ ಕೇಳಿಸಿದ್ದು ಆ 100 ಅಲೆಗಳೇ.

(ಫೋನಿನ ಹಗುರ ಚಾರ್ಜರ್ ಬೇರೆ ಜಾತಿ. ಅದರಲ್ಲಿ 230 ವೋಲ್ಟನ್ನು ಇಳಿಸದೆ ನೇರವಾಗಿ ಡಿಸಿ ಮಾಡುತ್ತಾರೆ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ದಯವಿಟ್ಟು ಬಿಚ್ಚಬೇಡಿ.)

ಎಸ್.ಪಿ. ರೋಡಿನಿಂದ ಹೊಸ ಕೆಪಾಸಿಟರ್ ತಂದೆ. ಪ್ಲಸ್ ಮೈನಸ್ ಎರಡೆರಡು ಸಲ ನೋಡಿ ಬೆಸುಗೆ ಹಾಕಿದೆ. ಉಲ್ಟಾ ಹಾಕಿದರೆ ಆ ಪೊರೆ ಹಾಳಾಗಿ ಡಬ್ಬಿ ಸಿಡಿಯುತ್ತೆ. ರೇಡಿಯೋ ಹಾಕಿದೆ. ಅಪ್ಪ ವಾಲ್ಯೂಮ್ ಏರಿಸಿ, ಕಿವಿ ಹತ್ತಿರ ಇಟ್ಟುಕೊಂಡು, “ಈಗ ವಾರ್ತೆ ಮಾತ್ರ ಕೇಳಿಸ್ತಿದೆ ಕಣೋ” ಅಂದರು.