ಒಲಿಂಪಿಯಾದ ಕಲ್ಲುಗಳು ಹೇಳುವ ಮಾತು

ಪ್ರಾಚೀನ ಗ್ರೀಕರ ಪಂದ್ಯಗಳೆಂದೊಡನೆ ನಮ್ಮ ಮನಸ್ಸಿನಲ್ಲಿ ನಿರ್ಮಲವಾದ ಒಂದು ಚಿತ್ರವು ಮೂಡುವುದು. ಧನದಾಸೆಯಿಲ್ಲದ ತರುಣರು ಕೇವಲ ಎಲೆಯ ಕಿರೀಟಕ್ಕಾಗಿ ಪ್ರಾಣಪಣದಿಂದ ಓಡುತ್ತಿದ್ದರೆಂದು ನಾವು ಬಾಲ್ಯದಿಂದಲೂ ಕೇಳಿಬಂದಿದ್ದೇವೆ. ಈ ಚಿತ್ರವು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅಲ್ಲಿನ ಕಲ್ಲುಗಳೇ ಹೇಳಬಲ್ಲವು. ಇತಿಹಾಸದ ವಿದ್ಯಾರ್ಥಿಗಳ ತಂಡವೊಂದು ಆ ಸ್ಥಳಗಳನ್ನು ನೋಡಲು ಹೊರಟಿದೆಯೆಂದು ಭಾವಿಸಿ, ನಾವೂ ಅವರ ಜೊತೆಯಲ್ಲಿ ಕೆಲವು ನಿಮಿಷಗಳ ಕಾಲ ಸಂಚರಿಸೋಣ.

ಗ್ರೀಸಿನ ದಕ್ಷಿಣಭಾಗವಾದ ಪೆಲೊಪೊನೀಸಿನ ಪಶ್ಚಿಮದಲ್ಲಿ ಆಲ್ಫಿಯಸ್ ಮತ್ತು ಕ್ಲಾಡಿಯಸ್ ಎಂಬ ನದಿಗಳ ಸಂಗಮದ ಬಳಿ ಒಲಿಂಪಿಯಾ ಕ್ಷೇತ್ರವಿದೆ. ಕ್ರಿ. ಪೂ. 776ರಲ್ಲಿ ಈಲಿಸ್ ಪ್ರಾಂತದ ಕೊರೊಯಿಬಸನು ಇಲ್ಲಿ ಓಟದಲ್ಲಿ ಗೆದ್ದನೆಂಬುದು ಸಂಪ್ರದಾಯದ ಲೆಕ್ಕ. ಅಂದಿನಿಂದ ನಾಲ್ಕು ವರ್ಷಗಳಿಗೊಮ್ಮೆ ಜ್ಯೂಸ್ ದೇವನ ಉತ್ಸವದಲ್ಲಿ ಪಂದ್ಯಗಳು ಜರುಗಿದವು. ಕ್ರಿ. ಶ. ನಾಲ್ಕನೆಯ ಶತಮಾನದ ಕೊನೆಯಲ್ಲಿ ರೋಮಿನ ಚಕ್ರವರ್ತಿ ಥಿಯೊಡೋಸಿಯಸನು ಹಳೆಯ ದೇವತಾರಾಧನೆಯನ್ನು ನಿಷೇಧಿಸಿದನು. ಬಳಿಕ ಭೂಕಂಪಗಳು ದೇವಾಲಯವನ್ನು ಕೆಡವಿದವು. ನದಿಗಳ ಪ್ರವಾಹವು ಕ್ಷೇತ್ರವನ್ನೆಲ್ಲ ಮಣ್ಣಿನಲ್ಲಿ ಹೂಳಿತು. 1766ರಲ್ಲಿ ಆಂಗ್ಲ ವಿದ್ವಾಂಸ ರಿಚರ್ಡ್ ಚಾಂಡ್ಲರನು ಇದರ ಗುರುತು ಹಿಡಿದನು. 1875ರಿಂದ ಜರ್ಮನರು ಅಗೆದು ಶೋಧಿಸಿದರು. ದೊರೆತ ವಸ್ತುಗಳು ಗ್ರೀಸಿನಲ್ಲಿಯೇ ಉಳಿಯಬೇಕೆಂದು ಅದಕ್ಕೂ ಮೊದಲೇ ಒಪ್ಪಂದವಾಗಿದ್ದಿತು.

ವಿದ್ಯಾರ್ಥಿಗಳು ಗರಡಿಯ ಕಂಬಸಾಲುಗಳನ್ನೂ ಉರುಳಿಬಿದ್ದ ದೇವಾಲಯದ ಭಾರಿ ಕಂಬಗಳನ್ನೂ ದಾಟಿ ಓಟದ ಬಯಲಿನತ್ತ ತಿರುಗುತ್ತಾರೆ. ಅಲ್ಲಿ, ಪ್ರವೇಶದ್ವಾರಕ್ಕೆ ಮುಂಚೆ, ಎಡಗಡೆಯಲ್ಲಿ ಕಲ್ಲಿನ ಪೀಠಗಳ ಸಾಲೊಂದಿದೆ. ಒಂದು ಕಾಲದಲ್ಲಿ ಅವುಗಳ ಮೇಲೆ ಜ್ಯೂಸನ ಕಂಚಿನ ವಿಗ್ರಹಗಳು ನಿಂತಿದ್ದವು. ಅವನ್ನು ಭಕ್ತರು ಮಾಡಿಸಿದ್ದಲ್ಲ. ಪಂದ್ಯದಲ್ಲಿ ಮೋಸಮಾಡಿದವರು ತೆತ್ತ ದಂಡದ ಹಣದಿಂದ ಅವು ನಿರ್ಮಾಣವಾದವು!

ಕ್ರಿ. ಪೂ. 388ರಲ್ಲಿ ಥೆಸಲಿಯ ಯೂಪೊಲಸನು ಮುಷ್ಟಿಯುದ್ಧದಲ್ಲಿ ಎದುರಾಳಿಗಳಿಗೆ ಲಂಚಕೊಟ್ಟು ಗೆದ್ದನೆಂದೂ, ಕೊಟ್ಟವನಿಗೂ ಕೊಂಡವರಿಗೂ ದಂಡ ಬಿದ್ದಿತೆಂದೂ ಪ್ರವಾಸಿ ಪೌಸನಿಯಸನು ಬರೆದಿಟ್ಟಿದ್ದಾನೆ. ಕ್ರಿ. ಪೂ. 332ರಲ್ಲಿ ಅಥೆನ್ಸಿನ ಕ್ಯಾಲಿಪ್ಪಸನು ಇಂತಹುದೇ ಅಪರಾಧಮಾಡಿದಾಗ, ಅವನ ನಗರವು ವಾಗ್ಮಿಯಾದ ಹೈಪರೀಡಿಸನನ್ನೇ ಕಳುಹಿಸಿ ದಂಡವನ್ನು ರದ್ದುಪಡಿಸಿಕೊಳ್ಳಲು ಯತ್ನಿಸಿತು. ಅದು ಫಲಿಸಲಿಲ್ಲ. ಹಣವನ್ನು ತೆರುವವರೆಗೂ ಅಥೆನ್ಸಿಗೆ ದೇವವಾಣಿಯನ್ನು ನುಡಿಯೆನೆಂದು ಡೆಲ್ಫಿಯ ದೇವನು ಹೇಳಿದ ಮೇಲೆಯೇ ಅವರು ತೆತ್ತರು. ಬಯಲಿಗಿಳಿಯುವ ಪ್ರತಿಯೊಬ್ಬ ಕ್ರೀಡಾಪಟುವೂ ಈ ವಿಗ್ರಹಗಳ ಮುಂದೆ ಹಾದುಹೋಗಬೇಕಾಗಿದ್ದಿತು.

ಕಮಾನುದಾರಿಯನ್ನು ದಾಟಿದರೆ ಸುಮಾರು 192 ಮೀಟರು ಉದ್ದದ ಓಟದ ಹಾದಿ. ಓಟಗಾರರು ಕಾಲ್ಬೆರಳನ್ನೂರಿ ನಿಲ್ಲುತ್ತಿದ್ದ ಗೀರುಗಳುಳ್ಳ ಕಲ್ಲಿನ ಸಾಲು ಇನ್ನೂ ಇದೆ. ಇಲ್ಲಿಗೆ ಬಂದ ತರುಣರಲ್ಲಿ ಓಡದೆ ಹಿಂದಿರುಗುವವರು ಅಪರೂಪ. ಆದರೆ ಪ್ರಾಚೀನ ಕಾಲದಲ್ಲಿ ಗುಲಾಮನಿಗೂ ಅನ್ಯದೇಶೀಯನಿಗೂ ಸ್ಪರ್ಧಿಸುವ ಹಕ್ಕಿರಲಿಲ್ಲ. ವಿವಾಹಿತ ಸ್ತ್ರೀಗೆ ನೋಡುವುದಕ್ಕೂ ಅನುಮತಿಯಿರಲಿಲ್ಲ. ಸ್ಪಾರ್ಟಾದ ರಾಜಪುತ್ರಿ ಕೈನಿಸ್ಕಳು ಕ್ರಿ. ಪೂ. 396ರಲ್ಲಿ ರಥಸ್ಪರ್ಧೆಯನ್ನು ಗೆದ್ದಳು. ಕಾರಣ, ಜಯವು ಸಾರಥಿಗಲ್ಲದೆ ಕುದುರೆಗಳ ಒಡೆಯರಿಗೆ ಸಲ್ಲುತ್ತಿದ್ದಿತು. 2004ರಲ್ಲಿ ಇದೇ ಬಯಲಿನಲ್ಲಿ ಗುಂಡೆಸೆತದ ಸ್ಪರ್ಧೆ ನಡೆದಾಗ ಸ್ತ್ರೀಯರೂ ಪುರುಷರೊಂದಿಗೆ ಅಲ್ಲಿ ಸ್ಪರ್ಧಿಗಳಾಗಿ ಬಂದರು.

ಪೂರ್ವಕ್ಕೆ ಪಯಣಿಸಿ ನೆಮಿಯಾ ಕ್ಷೇತ್ರವನ್ನು ಸೇರಿದರೆ ಅಲ್ಲಿಯೂ ಒಂದು ಸುರಂಗದಾರಿಯಿದೆ. ಸರದಿಗಾಗಿ ಕಾದಿದ್ದ ತರುಣರು ಅದರ ಗೋಡೆಯಮೇಲೆ ಹೆಸರುಗಳನ್ನು ಗೀಚಿದ್ದಾರೆ. ಇಪ್ಪತ್ತಮೂರು ಶತಮಾನಗಳ ಹಿಂದಿನ ಆ ಕೈಬರಹವನ್ನು ಕಂಡ ವಿದ್ಯಾರ್ಥಿಗೆ ಗ್ರೀಕರು ದೇವತೆಗಳಂತೆ ತೋರದೆ ತನ್ನ ಸಹಪಾಠಿಗಳಂತೆಯೇ ತೋರಿಯಾರು.

ಮಾನವರು ಇದ್ದಲ್ಲಿ ಲೋಭವೂ ಪಕ್ಷಪಾತವೂ ಇದ್ದೇ ಇರುತ್ತವೆ. ಗ್ರೀಕರು ಅವುಗಳಿಂದ ಮುಕ್ತರಾಗಿದ್ದರೆಂದು ಹೇಳುವುದು ಇತಿಹಾಸಕ್ಕೆ ಅಪಚಾರ. ಆದರೆ ಅವರು ತಮ್ಮ ಅಪಕೀರ್ತಿಯನ್ನು ಮುಚ್ಚಿಡದೆ, ಅತ್ಯಂತ ಪವಿತ್ರವಾದ ಸ್ಥಳದಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ ಕಲ್ಲಿನಲ್ಲಿ ನಿಲ್ಲಿಸಿದರು. ವಿಜಯಿಗಳ ಕಿರೀಟಗಳು ಎಂದೋ ಒಣಗಿಹೋದವು. ಆ ಪೀಠಗಳು ಉಳಿದಿವೆ. ಕ್ರೀಡೆಯ ಗೌರವವನ್ನು ಕಾಯಬಯಸುವವರು ಮೊದಲು ನೋಡಬೇಕಾದುದು ಅವನ್ನೇ.