48 ತುಂಡುಗಳ ಡಬ್ಬಿ ಯಾರ ಸ್ವತ್ತು?

ಲೆಗೋ ಕಂಪನಿಯ ಆಟಿಕೆಗಳ ಪಟ್ಟಿಯಲ್ಲಿ 4701 ಎಂಬ ಸಂಖ್ಯೆಯ ಒಂದು ಸಣ್ಣ ಡಬ್ಬಿ ಇದೆ. ಹೆಸರು ‘ಸಾರ್ಟಿಂಗ್ ಹ್ಯಾಟ್’. ಹ್ಯಾರಿ ಪಾಟರ್ ಸರಣಿಯ ಮೊದಲ ಸಿನಿಮಾ ತೆರೆಕಂಡ 2001ರಲ್ಲೇ ಅದೂ ಅಂಗಡಿಗೆ ಬಂತು. ಒಳಗಿರುವುದು 48 ಪ್ಲಾಸ್ಟಿಕ್ ತುಂಡುಗಳು: ಹ್ಯಾರಿಯ ಒಂದು ಪುಟ್ಟ ಬೊಂಬೆ, ಒಂದು ಮಂತ್ರದ ಟೋಪಿ, ಅದನ್ನು ತಿರುಗಿಸಲು ಒಂದು ತಿರುಗಣಿ, ಮತ್ತೆ ಕೆಲವು ಇಟ್ಟಿಗೆಗಳು. ಅಮೆರಿಕದಲ್ಲಿ ಬೆಲೆ 6.99 ಡಾಲರ್, ಅಂದಿನ ವಿನಿಮಯ ದರದಲ್ಲಿ ಸುಮಾರು 330 ರೂಪಾಯಿ. ಅದೇ ವರ್ಷ ಬಂದ ‘ಹಾಗ್ವರ್ಟ್ಸ್ ಕೋಟೆ’ಯಲ್ಲಿ 682 ತುಂಡುಗಳಿದ್ದವು, ಬೆಲೆ 89.99 ಡಾಲರ್. ಲೆಕ್ಕ ಹಾಕಿದರೆ ಸಣ್ಣ ಡಬ್ಬಿಯ ಒಂದೊಂದು ತುಂಡಿಗೆ 14 ಸೆಂಟಿಗಿಂತ ಹೆಚ್ಚು, ಕೋಟೆಯ ಒಂದೊಂದು ತುಂಡಿಗೆ 13 ಸೆಂಟಿನ ಆಸುಪಾಸು. ಒಟ್ಟು ಬೆಲೆಯಲ್ಲಿ ಅಗ್ಗವಾದದ್ದು ಬಿಡಿಯಾಗಿ ನೋಡಿದರೆ ದುಬಾರಿ. ಚಿಲ್ಲರೆಯಲ್ಲಿ ಕೊಳ್ಳುವವರು ಸಗಟಿನವರಿಗಿಂತ ಹೆಚ್ಚು ತೆರುವುದು ಆಟಿಕೆಯ ಲೋಕದಲ್ಲೂ ತಪ್ಪಿದ್ದಲ್ಲ.

ಆಟಿಕೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕೋಟೆಯನ್ನು ನೋಡುತ್ತಾರೆ, ಇಂಥ ಡಬ್ಬಿಯನ್ನು ದಾಟಿ ಹೋಗುತ್ತಾರೆ. ಆದರೆ ಈ ಅಂಗೈಯಗಲದ ವಸ್ತುವಿನೊಳಗೆ ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ಜಗಳ ಅಡಗಿ ಕೂತಿದೆ: ಒಂದು ಆಕಾರ, ಒಂದು ಮುಖ, ಒಂದು ಕತೆ ಯಾರ ಸ್ವತ್ತು? ಮೂರಕ್ಕೂ ಬೇರೆ ಬೇರೆ ಉತ್ತರಗಳಿವೆ. ಒಂದೊಂದಾಗಿ ನೋಡೋಣ.

ಮೊದಲು ಇಟ್ಟಿಗೆ. ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಶ್ಚಿಯನ್ಸನ್, ಆರ್ಥಿಕ ಕುಸಿತದಿಂದ ಕಟ್ಟಡದ ಕೆಲಸ ನಿಂತುಹೋದಾಗ, 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದ. 1934ರಲ್ಲಿ ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡ್ಯಾನಿಷ್ ಪದಗಳನ್ನು ಕೂಡಿಸಿ ‘ಲೆಗೋ’ ಎಂದು ಹೆಸರಿಟ್ಟ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಿಂದ ಪ್ಲಾಸ್ಟಿಕ್ ಅಚ್ಚು ಹೊಯ್ಯುವ ಯಂತ್ರ ತರಿಸಿದ. ಅದೇ ಹೊತ್ತಿಗೆ ‘ಕಿಡ್ಡಿಕ್ರಾಫ್ಟ್’ ಎಂಬ ಇಂಗ್ಲಿಷ್ ಕಂಪನಿಯ ಮಾದರಿ ಇಟ್ಟಿಗೆಗಳೂ ಬಿಲುಂಡಿಗೆ ಬಂದವು. ತಲೆಯ ಮೇಲೆ ಉಬ್ಬುಗಳಿದ್ದು ಒಂದರ ಮೇಲೊಂದು ಕೂರುವ ಆ ಇಟ್ಟಿಗೆಗಳನ್ನು ರೂಪಿಸಿ ಪೇಟೆಂಟ್ ಪಡೆದವನು ಹಿಲರಿ ಫಿಶರ್ ಪೇಜ್. 1949ರಲ್ಲಿ ಲೆಗೋ ಅದೇ ಬಗೆಯ ಇಟ್ಟಿಗೆಯನ್ನು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ತನ್ನದಾಗಿ ಮಾರತೊಡಗಿತು. ಪೇಜ್ 1957ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಡೆನ್ಮಾರ್ಕಿನಲ್ಲಿ ತನ್ನ ಇಟ್ಟಿಗೆಗೆ ಏನಾಗುತ್ತಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ ಎಂದೇ ಅವನ ಕುಟುಂಬದವರು ಮುಂದೆ ಹೇಳಿದರು. ಕಿಡ್ಡಿಕ್ರಾಫ್ಟ್ ಇಟ್ಟಿಗೆಯ ಹಕ್ಕುಗಳನ್ನು ಲೆಗೋ ಕೊಂಡದ್ದು 1981ರಲ್ಲಿ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದು ಕದ್ದ ಮಾಲಿನ ಕತೆಯಾಗಿಬಿಡುತ್ತದೆ, ಹಾಗೆ ಮಾಡುವುದು ನ್ಯಾಯವಲ್ಲ. ಹಳೆಯ ಇಟ್ಟಿಗೆಯ ಹೊಟ್ಟೆ ಟೊಳ್ಳಾಗಿತ್ತು. ಜೋಡಿಸಿದರೆ ಕೂರುತ್ತಿತ್ತು, ಅಲುಗಾಡಿಸಿದರೆ ಕಳಚುತ್ತಿತ್ತು. ಓಲೆಯ ಮಗ ಗಾಡ್‌ಫ್ರೆಡ್ ಆ ಟೊಳ್ಳಿನೊಳಗೆ ಕೊಳವೆಗಳನ್ನು ಇಡಿಸಿ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಹಾಕಿದ. ಕೆಳಗಿನ ಇಟ್ಟಿಗೆಯ ಉಬ್ಬು ಮೇಲಿನದರ ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುವುದರಿಂದ ಹಿಡಿತ ಬಿಗಿಯಾಯಿತು. ಎಂಟು ಉಬ್ಬುಗಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಅಂಥ ಸಾಧ್ಯತೆಗೆ ಗಟ್ಟಿ ಹಿಡಿತ ಕೊಟ್ಟದ್ದು ಬಿಲುಂಡಿನ ಕೊಳವೆ, ಉಬ್ಬು ಕೊಟ್ಟದ್ದು ಪೇಜ್. ಶೋಧಗಳ ಚರಿತ್ರೆಯಲ್ಲಿ ಒಬ್ಬನೇ ತಂದೆಯನ್ನು ಹುಡುಕುವವರು ನಿರಾಶರಾಗುವುದು ಇಂಥ ಕಡೆಯೇ.

ಪೇಟೆಂಟಿಗೆ ಆಯುಸ್ಸಿದೆ. ಅವಧಿ ಮುಗಿದಂತೆ ಬೇರೆಯವರೂ ಇಟ್ಟಿಗೆ ಮಾಡತೊಡಗಿದರು. ಲೆಗೋ ನ್ಯಾಯಾಲಯಗಳ ಮೆಟ್ಟಿಲು ಹತ್ತಿತು. ಹಾಂಗ್‌ಕಾಂಗಿನಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದ ಟೈಕೋ ಮೊಕದ್ದಮೆಯಲ್ಲಿ ತೀರ್ಪು ಬಂದದ್ದು 1988ರಲ್ಲಿ: ಹಳೆಯ ನಕ್ಷೆಯನ್ನು ನಕಲು ಮಾಡಿ ಅಳತೆಗಳನ್ನು ಅಷ್ಟಿಷ್ಟು ತಿದ್ದಿದ ಮಾತ್ರಕ್ಕೆ ಅದಕ್ಕೆ ಹೊಸದಾಗಿ ಕೃತಿಸ್ವಾಮ್ಯ ಹುಟ್ಟುವುದಿಲ್ಲ. ಮೆಗಾ ಬ್ಲಾಕ್ಸ್ ಆಟಿಕೆಗಳ ವಿಷಯದಲ್ಲಿ ಕೆನಡಾದ ಸುಪ್ರೀಂ ಕೋರ್ಟು 2005ರಲ್ಲೂ, ಇಟ್ಟಿಗೆಯ ಟ್ರೇಡ್‌ಮಾರ್ಕ್ ಕುರಿತು ಐರೋಪ್ಯ ಒಕ್ಕೂಟದ ನ್ಯಾಯಾಲಯ 2010ರಲ್ಲೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು: ಆ ಆಕಾರ ಒಂದು ಕೆಲಸ ಮಾಡುವುದಕ್ಕಾಗಿ ಇದೆ, ಕೆಲಸ ಮಾಡುವ ಆಕಾರವನ್ನು ಟ್ರೇಡ್‌ಮಾರ್ಕಿನ ಹೆಸರಲ್ಲಿ ಸದಾಕಾಲ ಒಬ್ಬರ ಕೈಯಲ್ಲಿ ಇಡಲಾಗದು. ಹಾಗಾಗಿ 4701ರೊಳಗಿನ ಇಟ್ಟಿಗೆಯ ಮೂಲ ಆಕಾರ ಇವತ್ತು ಯಾರದೂ ಅಲ್ಲ, ಎಲ್ಲರದೂ ಹೌದು. ನಮ್ಮ ಜಾತ್ರೆಗಳ ಸಾಲಂಗಡಿಯಲ್ಲಿ ಪಾರದರ್ಶಕ ಚೀಲಗಳಲ್ಲಿ ತೂಗುವ ಬಣ್ಣದ ಬ್ಲಾಕುಗಳ ಹಿಂದೆಯೂ ಈ ಚರಿತ್ರೆ ಇದೆ.

ಇನ್ನು ಬೊಂಬೆ. ಕೈಕಾಲು ಆಡಿಸುವ ಪುಟ್ಟ ಮನುಷ್ಯ ಲೆಗೋ ಲೋಕಕ್ಕೆ ಬಂದದ್ದು 1978ರಲ್ಲಿ. ಎಲ್ಲರಿಗೂ ಹಳದಿ ಮುಖ, ಎರಡು ಚುಕ್ಕೆಯ ಕಣ್ಣು, ಒಂದು ನಗೆ. ಹಳದಿ ಯಾವ ಜನಾಂಗದ ಬಣ್ಣವೂ ಅಲ್ಲ, ಆದ್ದರಿಂದ ಯಾವ ಮಗುವಾದರೂ ಅದರಲ್ಲಿ ತನ್ನನ್ನು ಕಾಣಬಹುದು ಎಂಬುದು ಕಂಪನಿಯ ಸಮರ್ಥನೆ. 1999ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾಗಳ ಪರವಾನಗಿ ಪಡೆದು ಆಟಿಕೆ ಮಾಡಿದಾಗ ಈ ಸಮರ್ಥನೆಗೆ ಬಿರುಕು ಬಿತ್ತು. ಕತೆಯ ಪಾತ್ರಗಳಿಗೆ ನಿಶ್ಚಿತ ಮುಖಗಳಿರುತ್ತವೆ, ಆ ಮುಖಗಳು ನಟರವು. 2003ರಲ್ಲಿ ಬಂದ ‘ಕ್ಲೌಡ್ ಸಿಟಿ’ ಎಂಬ ಸೆಟ್ಟಿನಲ್ಲಿ ಕಪ್ಪು ನಟ ಬಿಲ್ಲಿ ಡೀ ವಿಲಿಯಮ್ಸ್ ನಿರ್ವಹಿಸಿದ ಲ್ಯಾಂಡೋ ಪಾತ್ರಕ್ಕೆ ಕಂದು ಬಣ್ಣ ಕೊಟ್ಟರು, ಬಿಳಿಯ ನಟರ ಪಾತ್ರಗಳು ಹಳದಿಯಾಗೇ ಉಳಿದವು. ಅಂದರೆ ಅಷ್ಟು ವರ್ಷ ‘ಎಲ್ಲರ ಬಣ್ಣ’ ಎನಿಸಿಕೊಂಡದ್ದು ಬಿಳಿಯರ ಬಣ್ಣವಾಗಿತ್ತೆ? ಒಂದೇ ಡಬ್ಬಿಯೊಳಗೆ ಈ ಪ್ರಶ್ನೆ ಎದ್ದು ಕೂತಿತು. ಮರುವರ್ಷದಿಂದ ಪರವಾನಗಿಯ ಸೆಟ್ಟುಗಳಲ್ಲಿ ಚರ್ಮದ ಬಣ್ಣಗಳು ಬಂದವು. 2001ರ ಹ್ಯಾರಿಯ ಮುಖ ಹಳದಿ, 2004ರ ಹ್ಯಾರಿಯದು ತಿಳಿ ಮೈಬಣ್ಣ. ಪುಸ್ತಕದ ಹ್ಯಾರಿ ಬದಲಾಗಿರಲಿಲ್ಲ. ಬದಲಾದದ್ದು ‘ತಟಸ್ಥ’ ಎಂಬ ಮಾತಿನ ಮೇಲಿದ್ದ ನಂಬಿಕೆ.

ಕಾನೂನಿನ ಕಣ್ಣಿನಲ್ಲಿ ಬೊಂಬೆಯ ಹಣೆಬರಹ ಇಟ್ಟಿಗೆಯದಕ್ಕಿಂತ ಬೇರೆಯಾಯಿತು. 2015ರಲ್ಲಿ ಐರೋಪ್ಯ ಒಕ್ಕೂಟದ ಜನರಲ್ ಕೋರ್ಟು ಈ ಪುಟ್ಟ ಮನುಷ್ಯನ ಆಕಾರದ ಟ್ರೇಡ್‌ಮಾರ್ಕನ್ನು ಎತ್ತಿಹಿಡಿಯಿತು. ಇಟ್ಟಿಗೆ ಬಯಲಿಗೆ ಬಿತ್ತು, ಮನುಷ್ಯ ಮನೆಯೊಳಗೇ ಉಳಿದ.

ಮೂರನೆಯದು ಕತೆ. ಅದು ಬಾಡಿಗೆಯದು, ಬರೆದವರು ಜೆ.ಕೆ. ರೌಲಿಂಗ್, ಸಿನಿಮಾ ವಾರ್ನರ್ ಬ್ರದರ್ಸ್‌ನದು. ತಾನೇ ರೂಪಿಸಿದ ಆಟಿಕೆಗೆ ಇನ್ನೊಬ್ಬರ ಕತೆ ತೊಡಿಸುವುದೇ ಎಂಬ ಹಿಂಜರಿಕೆ ‘ಸ್ಟಾರ್ ವಾರ್ಸ್’ ಕಾಲದಲ್ಲಿ ಕಂಪನಿಯೊಳಗೆ ಜೋರಾಗಿಯೇ ಇತ್ತು. ಹೆಸರಿನಲ್ಲೇ ಯುದ್ಧವಿದ್ದದ್ದು ಇನ್ನೊಂದು ತೊಡಕು. ಆದರೆ ಮಾರಾಟ ಏರಿತು, ಹಿಂಜರಿಕೆ ಕರಗಿತು. ಕತೆ ಬಂದಾಗ ಆಟಿಕೆಯ ಕಸುಬೂ ಬದಲಾಯಿತು. ಮೊದಲ ಹ್ಯಾರಿ ಪಾಟರ್ ಕತೆಯ ಕ್ವಿರೆಲ್ ಮಾಸ್ತರನಿಗೆ ತಲೆಯ ಹಿಂದೆ ಇನ್ನೊಂದು ಮುಖವಿದೆಯಲ್ಲ, ಅವನಿಗಾಗಿ 2001ರಲ್ಲಿ ಎರಡೂ ಕಡೆ ಮುಖ ಮುದ್ರಿಸಿದ ತಲೆ ಮಾಡಿದರು. ಬೊಂಬೆಗೆ ಎರಡು ಮುಖದ ತಲೆ ಬಂದದ್ದು ಅದೇ ಮೊದಲು. ಇವತ್ತು ಅಂಥ ತಲೆ ಸರ್ವೇಸಾಮಾನ್ಯ.

ಬಾಡಿಗೆ ಕತೆಯ ಅಪಾಯ ಬೇಗನೆ ಗೊತ್ತಾಯಿತು. 2003ರಲ್ಲಿ ಹ್ಯಾರಿ ಪಾಟರ್ ಸಿನಿಮಾವೂ ಬರಲಿಲ್ಲ, ‘ಸ್ಟಾರ್ ವಾರ್ಸ್’ ಸಿನಿಮಾವೂ ಬರಲಿಲ್ಲ. ಅಂಗಡಿಗಳಲ್ಲಿ ಡಬ್ಬಿಗಳು ಹಾಗೇ ಉಳಿದವು. ಆ ವರ್ಷ ತೆರಿಗೆಗೆ ಮುಂಚಿನ ನಷ್ಟ ಸುಮಾರು 140 ಕೋಟಿ ಡ್ಯಾನಿಷ್ ಕ್ರೋನರ್. ಕಾರಣ ಇದೊಂದೇ ಅಲ್ಲ. ತುಂಡುಗಳ ಬಗೆ ಮಿತಿಮೀರಿ ಬೆಳೆದಿತ್ತು, ಒಂದೊಂದು ಹೊಸ ತುಂಡಿಗೂ ದುಬಾರಿ ಅಚ್ಚು ಬೇಕಿತ್ತು, ಉದ್ಯಾನವನಗಳಂಥ ದೂರದ ವ್ಯವಹಾರಗಳಿಗೂ ಹಣ ಹರಿದಿತ್ತು. 2004ರಲ್ಲಿ ಚುಕ್ಕಾಣಿ ಹಿಡಿದ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಉದ್ಯಾನವನಗಳನ್ನು ಮಾರಿ, ತುಂಡುಗಳ ಬಗೆಯನ್ನು ಕಡಿಮೆ ಮಾಡಿ ಕಂಪನಿಯನ್ನು ಉಳಿಸಿದ. ಪರವಾನಗಿಯ ಕತೆಗಳನ್ನು ಮಾತ್ರ ಕೈಬಿಡಲಿಲ್ಲ.

ಕತೆ ಆಟವನ್ನು ಕಟ್ಟಿಹಾಕುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ: ಸೂಚನಾ ಪುಸ್ತಿಕೆ ಹೇಳಿದಂತೆ ಜೋಡಿಸಿದರೆ ಆಯಿತು, ಮುಂದೇನು? ಆದರೆ 4701 ಇದಕ್ಕೆ ತನ್ನದೇ ವಿಚಿತ್ರ ಉತ್ತರ ಕೊಡುತ್ತದೆ. ಪುಸ್ತಕದಲ್ಲಿ ಟೋಪಿ ಮಾತಾಡುತ್ತದೆ, ಮಗುವಿನ ಮನಸ್ಸು ಓದುತ್ತದೆ, ಅದು ಸೂಚಿಸಿದ ಸ್ಲಿದರಿನ್ ಬೇಡವೆಂಬ ಹ್ಯಾರಿಯ ಬಯಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಗ್ರಿಫಿಂಡರ್‌ಗೆ ಹಾಕುತ್ತದೆ. ಆಟಿಕೆಯ ಟೋಪಿಗೆ ಆ ವಿವೇಕವಿಲ್ಲ. ಬೆರಳಿನಿಂದ ತಿರುಗಿಸಿದರೆ ನಾಲ್ಕು ಹೌಸ್‌ಗಳಲ್ಲಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಇಂಗ್ಲಿಷ್ ವಸತಿ ಶಾಲೆಗಳ ಈ ‘ಹೌಸ್’ ಪದ್ಧತಿ ವಸಾಹತು ಕಾಲದಲ್ಲಿ ನಮ್ಮ ಕಾನ್ವೆಂಟ್ ಶಾಲೆಗಳಿಗೂ ಬಂತು; ಕೆಂಪು, ನೀಲಿ, ಹಸಿರು, ಹಳದಿ ಎಂದು ಹಂಚಿಸಿಕೊಂಡವರಿಗೆ ಅಲ್ಲಿ ಯಾರೂ ಮನಸ್ಸು ಓದಿರಲಿಲ್ಲ ಎಂಬುದು ಗೊತ್ತು. ಕಾದಂಬರಿ ಆಯ್ಕೆ ಎಂದದ್ದನ್ನು ಅಗ್ಗದ ಪ್ಲಾಸ್ಟಿಕ್ ಆಕಸ್ಮಿಕ ಎಂದು ತೋರಿಸಿಬಿಡುತ್ತದೆ. ಹ್ಯಾರಿ ಸ್ಲಿದರಿನ್‌ಗೆ ಹೋಗುವ ಸಾಧ್ಯತೆ ಕಾದಂಬರಿಯಲ್ಲಿ ಕ್ಷಣಮಾತ್ರ ಇಣುಕಿ ಮುಚ್ಚಿಹೋಗುತ್ತದೆ. ಆಟಿಕೆಯಲ್ಲಿ ಪ್ರತಿ ಸಲವೂ ಅದು ತೆರೆದೇ ಇರುತ್ತದೆ.

ಅಗ್ಗ ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ಭಾರತದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ದೇಶೀಯ ಆಟಿಕೆ ಉದ್ಯಮಕ್ಕೆ ರಕ್ಷಣೆ ಎಂಬುದು ಸರ್ಕಾರ ಕೊಟ್ಟ ಕಾರಣ. ಬಿಲುಂಡಿನ ಸಣ್ಣ ಡಬ್ಬಿ ಬೆಂಗಳೂರಿನ ಮಾಲ್ ತಲುಪುವಾಗ ಸಣ್ಣದಾಗಿ ಉಳಿಯುತ್ತದೆ, ಅಗ್ಗವಾಗಿ ಅಲ್ಲ.

ಇಟ್ಟಿಗೆ ಎಲ್ಲರದು, ಬೊಂಬೆ ಲೆಗೋದು, ಮುಖ ಮತ್ತು ಕತೆ ಬಾಡಿಗೆಯದು. ಈ ಪಾಲುಪಟ್ಟಿಗೆ ಪೇಟೆಂಟ್ ಕಡತಗಳಿವೆ, ತೀರ್ಪುಗಳಿವೆ, ಲಾಭನಷ್ಟದ ವರದಿಗಳಿವೆ. ಸಂಶೋಧಕಿಯಾಗಿ ನಾನು ಓದಬಲ್ಲದ್ದು ಅವುಗಳನ್ನೇ. ಆದರೆ ಡಬ್ಬಿ ಹರಿದುಹೋಗಿ, 48 ತುಂಡುಗಳು ಬೇರೆ ಸೆಟ್ಟುಗಳ ತುಂಡುಗಳ ಜೊತೆ ಒಂದೇ ಬಕೆಟ್ಟಿಗೆ ಬಿದ್ದ ಮೇಲೆ ನಡೆದದ್ದಕ್ಕೆ ಯಾವ ಕಡತವೂ ಇಲ್ಲ. ಮಂತ್ರದ ಟೋಪಿ ಪೊಲೀಸಿನವನ ಮನೆಯ ಚಾವಣಿಯಾದದ್ದು, ಹ್ಯಾರಿ ಲಾರಿ ಓಡಿಸಿದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಆಟಿಕೆಯ ಚರಿತ್ರೆ ಬರೆಯುವವರು ಒಡೆತನದ ಲೆಕ್ಕವನ್ನು ಎಷ್ಟು ಕರಾರುವಾಕ್ಕಾಗಿ ಕೊಟ್ಟರೂ ಆಟದ ಲೆಕ್ಕ ಅದರ ಹೊರಗೇ ಉಳಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡೇ ಬರೆಯಬೇಕು.