ಪ್ರತಿಭೆ ಯಾರ ಆಸ್ತಿ? ಟ್ಯಾಲೆಂಟ್ ಮ್ಯಾನೇಜ್‌ಮೆಂಟ್ ಮತ್ತು ಕುಪ್ಪಳ್ಳಿಯ ಹುಡುಗ

'ಟ್ಯಾಲೆಂಟ್ ಮ್ಯಾನೇಜ್‌ಮೆಂಟ್' ಅನ್ನೋ ಪದ ಕಿವಿಗೆ ಬೀಳದೆ ಬೆಂಗಳೂರಿನ ಯಾವುದೇ ಐಟಿ ಕಂಪನಿಯಲ್ಲಿ ಒಂದು ವರ್ಷ ಕಳೆಯೋದು ಕಷ್ಟ. ಸಂಸ್ಥೆಯೊಂದು ತನಗೆ ಬೇಕಾದ ಜನರನ್ನು ಹುಡುಕುವುದು, ಬೆಳೆಸುವುದು, ಉಳಿಸಿಕೊಳ್ಳುವುದು, ಅವರು ಹೋದ ಮೇಲೆ ಆ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಿಟ್ಟುಕೊಳ್ಳುವುದು, ಇಷ್ಟೇ ಅದರ ಅರ್ಥ. ಇದರಲ್ಲಿ ರಾಜಕೀಯ ಏನಿದೆ ಅಂತ ಕೇಳಬಹುದು. ಮೀಸಲಾತಿಯ ಮಾತು ಬಂದಾಗಲೆಲ್ಲ ಎದುರಿಗೆ ಬಂದು ನಿಲ್ಲುವ 'ಮೆರಿಟ್' ಪದವನ್ನೇ ನೋಡಿ. ಪ್ರತಿಭೆ ವ್ಯಕ್ತಿಯ ಖಾಸಗಿ ಆಸ್ತಿ, ಹೋದಲ್ಲೆಲ್ಲ ಹೊತ್ತುಕೊಂಡು ಹೋಗಬಹುದು ಎಂಬ ನಂಬಿಕೆ ಎಚ್‌ಆರ್ ವಿಭಾಗಕ್ಕೂ ಇದೆ, ಮೆರಿಟ್‌ವಾದಿಗಳಿಗೂ ಇದೆ. ಅದನ್ನು ಅಲುಗಾಡಿಸಿದ್ದು ಮ್ಯಾನೇಜ್‌ಮೆಂಟ್ ಸಂಶೋಧನೆಯೇ.

ಕಥೆ ಶುರುವಾಗೋದು 1997ರಲ್ಲಿ. ಮೆಕಿನ್ಸೆ ಎಂಬ ಸಲಹಾ ಕಂಪನಿ 'ವಾರ್ ಫಾರ್ ಟ್ಯಾಲೆಂಟ್' ಎಂಬ ಮಾತನ್ನು ತೇಲಿಬಿಟ್ಟಿತು. ಅತಿ ಪ್ರತಿಭಾವಂತರನ್ನು ಹುಡುಕಿ ತನ್ನಿ, ಕೈತುಂಬ ಕೊಡಿ, ಅವರಿಗೆ ಅಡ್ಡ ಬರಬೇಡಿ ಅನ್ನೋದು ಅದರ ಸಾರ. ಇದಕ್ಕೆ ಮಾದರಿ ಅಂತ ಹೊಗಳಿಸಿಕೊಂಡ ಕಂಪನಿಗಳಲ್ಲಿ ಎನ್ರಾನ್ ಕೂಡ ಒಂದು. 2001ರ ಡಿಸೆಂಬರ್‌ನಲ್ಲಿ ಅದು ದಿವಾಳಿಯಾಯ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಹಾರ್ವರ್ಡ್‌ನ ಬೋರಿಸ್ ಗ್ರೋಯ್ಸ್‌ಬರ್ಗ್ ಮತ್ತು ಸಂಗಡಿಗರ ಅಧ್ಯಯನ. 1988ರಿಂದ 1996ರವರೆಗೆ ವಾಲ್‌ಸ್ಟ್ರೀಟ್‌ನಲ್ಲಿ 'ಸ್ಟಾರ್' ಅನ್ನಿಸಿಕೊಂಡಿದ್ದ ಸಾವಿರಕ್ಕೂ ಹೆಚ್ಚು ಷೇರು ವಿಶ್ಲೇಷಕರ ಜಾಡು ಹಿಡಿದರು. ಈ ಕೆಲಸ ಒಬ್ಬರೇ ಕೂತು ತಲೆ ಓಡಿಸುವಂಥದ್ದು, ಕಂಪನಿ ಬದಲಿಸಿದರೂ ತಲೆ ಅದೇ ತಾನೇ? ಹಾಗಾಗಲಿಲ್ಲ. ಕಂಪನಿ ಬದಲಿಸಿದವರಲ್ಲಿ 46% ಮಂದಿ ಮರುವರ್ಷವೇ ಮುಗ್ಗರಿಸಿದರು. ಸಾಧನೆ ಸರಾಸರಿ 20%ರಷ್ಟು ಕುಸಿಯಿತು, ಐದು ವರ್ಷ ಕಳೆದರೂ ಹಳೆಯ ಮಟ್ಟಕ್ಕೆ ಬರಲಿಲ್ಲ. ತಮ್ಮ ತಂಡವನ್ನೂ ಜೊತೆಗೇ ಕರೆದೊಯ್ದವರು ಮಾತ್ರ ಅಷ್ಟಾಗಿ ಎಡವಲಿಲ್ಲ. ಅಂದರೆ 'ನನ್ನ ಪ್ರತಿಭೆ' ಅಂದುಕೊಂಡಿದ್ದರಲ್ಲಿ ಸಹೋದ್ಯೋಗಿಗಳ, ಗ್ರಂಥಾಲಯದ, ಕಚೇರಿಯ ಪಾಲೂ ಇತ್ತು. ಇನ್ನೊಂದು ವಿಷಯ: ಮಹಿಳಾ ಸ್ಟಾರ್‌ಗಳು ಜಾಗ ಬದಲಿಸಿದಾಗ ಗಂಡಸರಷ್ಟು ಕುಸಿಯಲಿಲ್ಲ. ಕಚೇರಿಯೊಳಗಿನ ಗಂಡಸರ ಗುಂಪು ಅವರನ್ನು ಸೇರಿಸಿಕೊಂಡಿರಲಿಲ್ಲವಾದ್ದರಿಂದ ಅವರು ಗ್ರಾಹಕರ ಜೊತೆ, ಹೊರಗಿನವರ ಜೊತೆ ನಂಟು ಕಟ್ಟಿಕೊಂಡಿದ್ದರು.

ಬೆಲ್ ಕರ್ವ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಂತಿಷ್ಟು ಮಂದಿಯನ್ನು ಕೆಳಗಿನ ಸಾಲಿಗೆ ತಳ್ಳಲೇಬೇಕು ಅನ್ನೋ ಈ ಪದ್ಧತಿಯನ್ನು ನಾನೂ ಉಂಡಿದ್ದೇನೆ. ಐವರೂ ಸರಿಯಾಗಿ ದುಡಿದ ತಂಡದಲ್ಲಿ ಒಬ್ಬನನ್ನು 'ಕಳಪೆ' ಅನ್ನಲೇಬೇಕಾಗಿ ಬಂದ ಮ್ಯಾನೇಜರ್ ಮುಖ ಇನ್ನೂ ನೆನಪಿದೆ. ಮೈಕ್ರೋಸಾಫ್ಟ್ 2013ರಲ್ಲಿ ಅದನ್ನು ಕೈಬಿಟ್ಟಿತು, ಇನ್ಫೋಸಿಸ್ 2015ರಲ್ಲಿ. ಏಮಿ ಎಡ್ಮಂಡ್‌ಸನ್ 1999ರಲ್ಲಿ ಪ್ರಕಟಿಸಿದ, ಒಂದೇ ಕಂಪನಿಯ 51 ತಂಡಗಳ ಅಧ್ಯಯನ ಹೇಳಿದ್ದು ಬೇರೆಯೇ: 'ಗೊತ್ತಿಲ್ಲ', 'ತಪ್ಪಾಯ್ತು' ಅಂತ ಹೆದರದೆ ಹೇಳಬಹುದಾದ ತಂಡಗಳು ಹೆಚ್ಚು ಕಲಿಯುತ್ತವೆ, ಚೆನ್ನಾಗಿ ಕೆಲಸ ಮಾಡುತ್ತವೆ.

ಇದನ್ನೆಲ್ಲ ಅರ್ಥ ಮಾಡಿಕೊಳ್ಳೋಕೆ ವಾಲ್‌ಸ್ಟ್ರೀಟ್‌ಗೇ ಹೋಗಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಗೆ ಬನ್ನಿ. ಕವಿಮನೆ ನೋಡಿ ಕವಿಶೈಲ ಹತ್ತಿದವರಲ್ಲಿ ಹೆಚ್ಚಿನವರು "ಇಂಥ ಕಾಡಿದ್ದರೆ ಯಾರೂ ಕವಿಯಾಗ್ತಾರೆ" ಅನ್ನುತ್ತಾರೆ. ಆ ಕಾಡು ಮನೆಯ ಆಳುಮಕ್ಕಳಿಗೂ ಇತ್ತಲ್ಲ! ಪುಟ್ಟಪ್ಪ ಹುಟ್ಟಿದ್ದು (1904) ಜಮೀನಿದ್ದ ಕುಟುಂಬದಲ್ಲಿ. ಮಕ್ಕಳಿಗೆ ಪಾಠ ಹೇಳೋಕೆ ಘಟ್ಟದ ಕೆಳಗಿನಿಂದ ಮೇಷ್ಟ್ರನ್ನು ಕರೆಸುವ ತ್ರಾಣ ಆ ಮನೆಗಿತ್ತು. ಆಮೇಲೆ ತೀರ್ಥಹಳ್ಳಿಯ ಶಾಲೆ, ಮೈಸೂರು. ಇಂಗ್ಲಿಷ್‌ನಲ್ಲಿ ಪದ್ಯ ಬರೆಯುತ್ತಿದ್ದವನಿಗೆ ಕನ್ನಡದಲ್ಲಿ ಬರಿ ಅಂದದ್ದು ಐರಿಶ್ ಕವಿ ಜೇಮ್ಸ್ ಕಸಿನ್ಸ್. ಮಹಾರಾಜ ಕಾಲೇಜಿನಲ್ಲಿ ಅವನನ್ನು ಗುರುತಿಸಿ ಕೈಹಿಡಿದವರು ಟಿ.ಎಸ್. ವೆಂಕಣ್ಣಯ್ಯ. ಜಾತಿ ಗಟ್ಟಿಯಾಗಿದ್ದ ಕಾಲದಲ್ಲಿ ಬ್ರಾಹ್ಮಣ ಪ್ರಾಧ್ಯಾಪಕರೊಬ್ಬರು ಶೂದ್ರ ವಿದ್ಯಾರ್ಥಿಗೆ ಕೊಟ್ಟ ಜಾಗ ಸಣ್ಣದೇನಲ್ಲ. 'ಶ್ರೀ ರಾಮಾಯಣ ದರ್ಶನಂ' ಅರ್ಪಣೆಯಾಗಿರೋದು ಆ ಮೇಷ್ಟ್ರಿಗೇ.

ನಾವು ಮರೆಯುವ ಸಂಗತಿ ಒಂದಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಶುರುವಾದದ್ದೇ 1927ರಲ್ಲಿ. ಪುಟ್ಟಪ್ಪ ತತ್ತ್ವಶಾಸ್ತ್ರದ ಬಿ.ಎ. ಮುಗಿಸಿ ಅದರ ಮೊದಲ ತಂಡಕ್ಕೆ ಸೇರಿದರು, 1929ರಲ್ಲಿ ಅಧ್ಯಾಪಕರಾದರು. ಐದು ವರ್ಷ ಮೊದಲು ಹುಟ್ಟಿದ್ದರೆ ಹತ್ತಲು ಆ ಮೆಟ್ಟಿಲೇ ಇರುತ್ತಿರಲಿಲ್ಲ.

1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಯಾದಾಗ (ಆಗಿನ ಹೆಸರು ಹಾಗೆ, ಈಗ ಕುಲಪತಿ) ಅಲ್ಲಿಯೇ ಓದಿ ಆ ಹುದ್ದೆಗೇರಿದ ಮೊದಲಿಗರು ಅವರು. ಕವಿಗೆ ಆಡಳಿತ ಬರುತ್ತಾ ಎಂಬ ಅನುಮಾನಕ್ಕೆ ನಾಲ್ಕು ವರ್ಷದ ಕೆಲಸ ಉತ್ತರ ಕೊಟ್ಟಿತು. ಸ್ನಾತಕೋತ್ತರ ವಿಭಾಗಗಳಿಗೆ ಪ್ರತ್ಯೇಕ ಆವರಣ ಕಟ್ಟಿ 'ಮಾನಸಗಂಗೋತ್ರಿ' ಅಂತ ಹೆಸರಿಟ್ಟರು. ಪದವಿ ಮಟ್ಟದ ಕನ್ನಡ ಮಾಧ್ಯಮಕ್ಕೆ ಒತ್ತಾಸೆಯಾಗಿ ನಿಂತು ಪಠ್ಯಪುಸ್ತಕ ಬರೆಸಿದರು. ಟ್ಯಾಲೆಂಟ್ ಮ್ಯಾನೇಜ್‌ಮೆಂಟ್ ಭಾಷೆಯಲ್ಲಿ ಹೇಳೋದಾದರೆ ಇದು ಹುಡುಕಾಟದ ವ್ಯಾಪ್ತಿಯನ್ನು ಹಿಗ್ಗಿಸುವುದು: ಇಂಗ್ಲಿಷ್ ಬಾರದ ಕಾರಣಕ್ಕೆ 'ದಡ್ಡ' ಅನ್ನಿಸಿಕೊಂಡವನೂ ಈಗ ಲೆಕ್ಕಕ್ಕೆ ಬಂದ. ಅವರ ಶಿಷ್ಯ ದೇ. ಜವರೇಗೌಡರು 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು, 1969ರಲ್ಲಿ ಕುಲಪತಿಯೂ ಆದರು. ವೆಂಕಣ್ಣಯ್ಯ, ಕುವೆಂಪು, ದೇಜಗೌ. ಉತ್ತರಾಧಿಕಾರ ಯೋಜನೆ ಅಂತ ಕಂಪನಿಗಳು ಸ್ಲೈಡ್‌ನಲ್ಲಿ ತೋರಿಸೋದು ಇದನ್ನೇ. ಇಲ್ಲಿ ಸಮಸ್ಯೆ ಇಲ್ಲ ಅಂತಲ್ಲ, ಗುರುಶಿಷ್ಯ ಸಾಲು ಬಹಳ ಬೇಗ ಗುಂಪುಗಾರಿಕೆಯಾಗುತ್ತೆ, ನಮ್ಮ ಕನ್ನಡ ವಿಭಾಗಗಳ ಇತಿಹಾಸ ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಈಗ ಆ ಸಾಲೇ ಕಡಿದುಬೀಳುತ್ತಿದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠ ನಡೆಯುತ್ತಿರೋದು ಸಾವಿರಾರು ಅತಿಥಿ ಉಪನ್ಯಾಸಕರ ಬಲದ ಮೇಲೆ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು, ಮುಂದಿನ ವರ್ಷ ಮತ್ತೆ ಅರ್ಜಿ, ಪ್ರಾಯಶಃ ಬೇರೆ ಕಾಲೇಜು. ಸೇವಾ ಭದ್ರತೆ ಕೇಳಿ ಅವರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ಗ್ರೋಯ್ಸ್‌ಬರ್ಗ್ ಲೆಕ್ಕ ಹಿಡಿದರೆ, ನುರಿತ ಸ್ಟಾರ್‌ಗೇ ಒಂದು ಸಲ ಜಾಗ ಬದಲಿಸಿದ ಪೆಟ್ಟಿನಿಂದ ಐದು ವರ್ಷವಾದರೂ ಚೇತರಿಸಿಕೊಳ್ಳಲು ಆಗಿಲ್ಲ. ಇವರನ್ನು ನಾವು ಪ್ರತಿ ವರ್ಷವೂ ಹೊಸದಾಗಿ ಶುರುಮಾಡಿಸುತ್ತಿದ್ದೇವೆ. ಹಳ್ಳಿಯಿಂದ ಬಂದ ಹುಡುಗನಲ್ಲಿ ಏನೋ ಇದೆ ಅಂತ ಗುರುತಿಸೋಕೆ ಮೇಷ್ಟ್ರಿಗೆ ಎರಡು ಮೂರು ವರ್ಷವಾದರೂ ಅವನ ಮುಂದೆ ನಿಲ್ಲುವ ಅವಕಾಶ ಬೇಕು.